ಜಾಗ ಮಾರಿ, ಮಾನ ಮಾರಬೇಡಿ

ಊರ ಸುದ್ದಿ, ಅಡಿಕೆ ಧಾರಣೆ, ಅಡುಗೆ, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೋತ್ತರ, ಹೀಗೆ ಏನಾದರೊಂದನ್ನು ಹಿಡಿದು ಕನ್ನಡದಲ್ಲಿ ವೆಬ್‌ಸೈಟ್ ನಡೆಸುತ್ತಿರುವ ಎಲ್ಲರಿಗೂ ಈ ಮಾತು. ನಿದ್ದೆಗೆಟ್ಟು ಬರೆಯುತ್ತೀರಿ, ಹೋಸ್ಟಿಂಗ್ ಬಿಲ್ಲನ್ನು ಕೈಯಿಂದ ಕಟ್ಟುತ್ತೀರಿ. ಬೆಳಿಗ್ಗೆ ಎದ್ದವರೇ ಆ್ಯಡ್‌ಸೆನ್ಸ್ ತೆರೆದು ಎಷ್ಟು ಸೆಂಟ್ ಬಂತೆಂದು ನೋಡುತ್ತೀರಿ. 100 ಡಾಲರ್ ತುಂಬುವ ತನಕ ಗೂಗಲ್ ದುಡ್ಡು ಕಳಿಸುವುದಿಲ್ಲ, ಅಲ್ಲಿಯವರೆಗೆ ಕಾಯುತ್ತೀರಿ. ಅತ್ತ ನಿಮ್ಮದೇ ಬೀದಿಯ ಬಟ್ಟೆ ಅಂಗಡಿಯವರು ಆಷಾಢ ಸೇಲ್‌ಗೆಂದು ಕರಪತ್ರ ಹಂಚಿಸುತ್ತಿರುತ್ತಾರೆ, ಆಟೋಗೆ ಮೈಕ್ ಕಟ್ಟಿಸಿ ಊರು ಸುತ್ತಿಸುತ್ತಿರುತ್ತಾರೆ. ಅವರ ಬಳಿ ಹೋಗಿ ‘ನಮ್ಮ ಸೈಟಿನಲ್ಲೂ ಒಂದು ಜಾಹೀರಾತು ಹಾಕಿ’ ಎಂದು ನೀವು ಒಮ್ಮೆಯಾದರೂ ಕೇಳಿದ್ದೀರಾ? ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ.

ಆ್ಯಡ್‌ಸೆನ್ಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ತೆಗೆದುಹಾಕಿ ಎಂದೂ ಹೇಳುತ್ತಿಲ್ಲ. ಅದು ಇರಲಿ, ಮಾರಾಟವಾಗದ ಜಾಗವನ್ನು ತುಂಬುತ್ತಿರಲಿ. ಆದರೆ ಅಲ್ಲಿ ನಿಮ್ಮ ಜಾಗದ ಬೆಲೆ ಕಟ್ಟುವವರು ನೀವಲ್ಲ. ಎಲ್ಲೋ ನಡೆಯುವ ಹರಾಜು. ಶಿರಸಿಯ ತೋಟಗಾರರು ದಿನಾ ಧಾರಣೆ ನೋಡಲು ನಿಮ್ಮಲ್ಲಿಗೆ ಬರುತ್ತಾರೆ ಎಂಬುದರ ಬೆಲೆ ಆ ಹರಾಜಿಗೆ ಗೊತ್ತಿಲ್ಲ. ಅದೇ ಊರಿನ ಪಂಪ್‌ಸೆಟ್ ವ್ಯಾಪಾರಿಗೆ ಚೆನ್ನಾಗಿ ಗೊತ್ತು. ನೇರ ಮಾರಾಟ ಹೊಸ ವಿದ್ಯೆಯೂ ಅಲ್ಲ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಮೊದಮೊದಲ ಬ್ಯಾನರ್‌ಗಳನ್ನು ಪ್ರಕಟಿಸಿದಾಗ ಆ್ಯಡ್‌ಸೆನ್ಸ್ ಹುಟ್ಟಿರಲೇ ಇಲ್ಲ. ಎಟಿ ಆ್ಯಂಡ್ ಟಿಯಂಥ ಕಂಪನಿಗಳಿಗೆ ಅವರು ಜಾಗವನ್ನು ನೇರವಾಗಿಯೇ ಮಾರಿದ್ದರು. ನಿಮಗೂ ಆಗುತ್ತದೆ. ಕ್ರಮವಾಗಿ ಮಾಡಬೇಕು, ಅಷ್ಟೇ.

ಮೊದಲು ನಿಮ್ಮ ಓದುಗರನ್ನು ತಿಳಿಯಿರಿ

ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ‘ಯಾರು ನೋಡ್ತಾರೆ?’ ಎನ್ನುವುದು. ‘ತುಂಬಾ ಜನ ನೋಡ್ತಾರೆ ಸಾರ್’ ಎಂದು ತಲೆ ಕೆರೆದುಕೊಳ್ಳಬೇಡಿ. ಗೂಗಲ್ ಅನಲಿಟಿಕ್ಸ್ ತೆರೆದು ಕಳೆದ ಮೂರು ತಿಂಗಳ ಲೆಕ್ಕ ತೆಗೆಯಿರಿ. ತಿಂಗಳಿಗೆ ಎಷ್ಟು ಮಂದಿ ಬಂದರು, ಎಷ್ಟು ಪುಟ ಓದಿದರು, ಯಾವ ಪುಟಗಳನ್ನು ಹೆಚ್ಚು ಓದಿದರು, ಮೊಬೈಲಿನಲ್ಲಿ ಎಷ್ಟು, ಕಂಪ್ಯೂಟರಿನಲ್ಲಿ ಎಷ್ಟು. ಬಂದ ಜನ ಬೇರೆ, ಓದಿದ ಪುಟ ಬೇರೆ. ಎರಡನ್ನೂ ಕಲಸಿ ದೊಡ್ಡ ಸಂಖ್ಯೆ ಹೇಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಊರುವಾರು ಲೆಕ್ಕದಲ್ಲಿ ಇನ್ನೊಂದು ಎಚ್ಚರ. ಮೊಬೈಲ್ ಡೇಟಾದಲ್ಲಿ ಓದುವವರು ಸಾಗರದಲ್ಲಿದ್ದರೂ ಹೊಸನಗರದಲ್ಲಿದ್ದರೂ ಅನಲಿಟಿಕ್ಸ್ ಎಷ್ಟೋ ಸಲ ಬೆಂಗಳೂರು ಎಂದೇ ತೋರಿಸುತ್ತದೆ. ಅದನ್ನೇ ನಂಬಿ ಕೂತರೆ ನಿಮ್ಮ ನಿಜವಾದ ಬಂಡವಾಳ ನಿಮಗೇ ಕಾಣುವುದಿಲ್ಲ. ಸೈಟಿನಲ್ಲಿ ಒಂದು ಚಿಕ್ಕ ಗೂಗಲ್ ಫಾರ್ಮ್ ಹಾಕಿ ‘ನಿಮ್ಮ ತಾಲ್ಲೂಕು ಯಾವುದು, ಏನು ಕೆಲಸ’ ಎಂದು ಓದುಗರನ್ನೇ ಕೇಳಿ. ಹೆಸರು, ಫೋನ್ ನಂಬರ್ ಕೇಳಬೇಡಿ. ಅದು ನಿಮಗೆ ಬೇಕಾಗಿಲ್ಲ. ಬಂದ ಉತ್ತರವನ್ನು ‘ಉತ್ತರಿಸಿದ ಇಷ್ಟು ಮಂದಿಯಲ್ಲಿ ಇಷ್ಟು’ ಎಂದೇ ಜಾಹೀರಾತುದಾರರಿಗೆ ಹೇಳಿ. ಸಂಖ್ಯೆ ಚಿಕ್ಕದಿದ್ದರೆ ನಾಚಿಕೆ ಬೇಡ. ಚನ್ನಗಿರಿಯ ಗೊಬ್ಬರದ ಅಂಗಡಿಗೆ ಲಂಡನ್ನಿನ ಲಕ್ಷ ಓದುಗರಿಂದ ಏನೂ ಆಗಬೇಕಾಗಿಲ್ಲ. ಸುತ್ತಲ ಹೋಬಳಿಯ ಎರಡು ಸಾವಿರ ರೈತರು ಸಾಕು.

ಕಡಿಮೆ ಜಾಗ, ಒಳ್ಳೆಯ ಜಾಗ

ಕೆಲವರ ಸೈಟು ತೆರೆದರೆ ನನಗೆ ಸಿಟ್ಟೇ ಬರುತ್ತದೆ. ಮೇಲೊಂದು ಬ್ಯಾನರ್, ಕೆಳಗೊಂದು ಅಂಟಿಕೊಂಡ ಪಟ್ಟಿ, ನಡುವೆ ಹಾರಿ ಬರುವ ಪಾಪ್‌ಅಪ್, ಕೇಳದೆ ಅರಚುವ ವಿಡಿಯೊ. ಓದುವವರು ಸುದ್ದಿಯನ್ನು ಹುಡುಕಿ ಓದಬೇಕು. ಅತಿಯಾಸೆ ಗತಿಗೇಡು. ಪಾಪ್‌ಅಪ್, ತಾನಾಗಿ ಸದ್ದು ಮಾಡುವ ವಿಡಿಯೊ, ಮೊಬೈಲ್ ಪುಟದ ಉದ್ದದಲ್ಲಿ 30%ಕ್ಕಿಂತ ಹೆಚ್ಚು ಜಾಹೀರಾತು, ಇವೆಲ್ಲ ಓದುಗರಿಗೆ ಕಿರಿಕಿರಿ ಎಂದು ‘ಕೊಯಲಿಷನ್ ಫಾರ್ ಬೆಟರ್ ಆ್ಯಡ್ಸ್’ ಎಂಬ ಒಕ್ಕೂಟ ಗುರುತಿಸಿದೆ. ಈ ನಿಯಮ ಪದೇಪದೇ ಮುರಿಯುವ ಸೈಟುಗಳಲ್ಲಿ ಕ್ರೋಮ್ ಬ್ರೌಸರ್ 2018ರ ಫೆಬ್ರುವರಿಯಿಂದ ಜಾಹೀರಾತುಗಳನ್ನೇ ತಡೆಯತೊಡಗಿತು. ಹೀಗೆ ತಡೆದರೆ ನೀವು ಮಾರಿದ ಬ್ಯಾನರೂ ಕಾಣುವುದಿಲ್ಲ.

ಪುಟಕ್ಕೆ ಮೂರೋ ನಾಲ್ಕೋ ಜಾಗ ಸಾಕು. ಅಳತೆಯನ್ನು ನೀವೇ ಕಂಡುಹಿಡಿಯಬೇಡಿ; ಎಲ್ಲರೂ ಬಳಸುವ ಅಳತೆಗಳಿವೆ. ಲೇಖನದ ನಡುವೆ 300x250 ಪಿಕ್ಸೆಲ್, ಮೊಬೈಲಿನ ತಲೆಗೆ 320x50 ಅಥವಾ 320x100, ಕಂಪ್ಯೂಟರಿನ ತಲೆಗೆ 728x90. ಬಸ್‌ ನಿಲ್ದಾಣದ ಎದುರಿನ ಮಳಿಗೆಗೂ ಹಿಂದಿನ ಗಲ್ಲಿಯ ಮಳಿಗೆಗೂ ಒಂದೇ ಬಾಡಿಗೆ ಇರುವುದಿಲ್ಲವಲ್ಲ, ಹಾಗೆಯೇ ಇಲ್ಲೂ ಜಾಗಕ್ಕೆ ತಕ್ಕ ಬೆಲೆ. ಪುಟದ ತೀರಾ ಬುಡದಲ್ಲಿ ಹಾಕಿ ಮೇಲಿನ ದರ ಕೇಳಬೇಡಿ. ಬ್ಯಾನರಿನ ಅರ್ಧದಷ್ಟಾದರೂ ಪರದೆಯ ಮೇಲೆ ಒಂದು ಸೆಕೆಂಡ್ ಇದ್ದರೆ ಮಾತ್ರ ಅದು ‘ಕಾಣುವಂತಿತ್ತು’ ಎಂದು ಈ ಉದ್ಯಮ ಲೆಕ್ಕ ಹಾಕುತ್ತದೆ. ಯಾರೂ ಇಳಿಯದ ತಳದಲ್ಲಿರುವ ಬ್ಯಾನರ್ ಇದ್ದೂ ಇಲ್ಲದಂತೆ.

ಖಾಲಿ ಉಳಿದ ಜಾಗದಲ್ಲಿ ‘ಇಲ್ಲಿ ನಿಮ್ಮ ಜಾಹೀರಾತು ನೀಡಲು ಸಂಪರ್ಕಿಸಿ’ ಎಂಬ ನಿಮ್ಮದೇ ಬ್ಯಾನರ್ ಹಾಕಿ. ಅದಕ್ಕೊಂದು ಪುಟ, ಅದರಲ್ಲಿ ವಾಟ್ಸ್‌ಆ್ಯಪ್ ಸಂಖ್ಯೆ ಇರಲಿ. ಎಷ್ಟೋ ಸೈಟುಗಳಲ್ಲಿ ಜಾಹೀರಾತು ಕೊಡಬೇಕೆಂದರೂ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ಬಾಗಿಲಿಗೆ ಬೀಗ ಹಾಕಿಕೊಂಡು ಗಿರಾಕಿ ಬರಲಿಲ್ಲ ಎಂದರೆ ಯಾರ ತಪ್ಪು?

ದರ ಬರೆದಿಡಿ, ಬಾಯಲ್ಲಿ ಹೇಳಬೇಡಿ

ದರ ಕಟ್ಟುವುದಕ್ಕೆ ಮೂರು ದಾರಿ. ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಎನ್ನುವುದು ಒಂದು. ಇದನ್ನೇ ಸಿಪಿಎಂ ಎನ್ನುತ್ತಾರೆ. ಕ್ಲಿಕ್ಕಿಗೆ ಇಷ್ಟು ಎನ್ನುವುದು ಇನ್ನೊಂದು. ತಿಂಗಳಿಗೆ ಇಷ್ಟು ಎಂದು ಗೊತ್ತುಪಡಿಸುವುದು ಮೂರನೆಯದು. ಚಿಕ್ಕ ಸೈಟಿನವರು ಮೂರನೆಯದನ್ನೇ ಹಿಡಿಯಿರಿ. ತಿಂಗಳ ಬಾಡಿಗೆ ಎಂದರೆ ಅಂಗಡಿಯವರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಕ್ಲಿಕ್ಕಿನ ಲೆಕ್ಕಕ್ಕೆ ಮಾತ್ರ ಒಪ್ಪಬೇಡಿ. ಅವರ ಬ್ಯಾನರ್ ಚೆನ್ನಾಗಿಲ್ಲದೆ ಯಾರೂ ಒತ್ತದಿದ್ದರೆ ನಷ್ಟ ನಿಮ್ಮ ತಲೆಗೆ ಬರುತ್ತದೆ.

ಲೆಕ್ಕ ಹೀಗೆ. ಒಂದು ಜಾಗ ತಿಂಗಳಿಗೆ 30,000 ಸಲ ಕಾಣುತ್ತದೆ ಎನ್ನೋಣ. ಸಾವಿರಕ್ಕೆ 100 ರೂಪಾಯಿ ಎಂದಿಟ್ಟುಕೊಂಡರೆ 3,000 ರೂಪಾಯಿ. ಇದು ಉದಾಹರಣೆಯಷ್ಟೇ, ನಿಮ್ಮ ದರ ಇದೇ ಆಗಬೇಕಿಲ್ಲ. ಅದೇ ಜಾಗದಲ್ಲಿ ಆ್ಯಡ್‌ಸೆನ್ಸ್ ಎಷ್ಟು ಕೊಡುತ್ತಿದೆ ಎಂದು ಅದರ ವರದಿಯಲ್ಲೇ ನೋಡಿ; ಅದು ನಿಮ್ಮ ತಳ. ಅದರ ಮೇಲೆ ನೀವು ಓಡಾಡಿದ್ದು, ಬ್ಯಾನರ್ ಮಾಡಿಸಿದ್ದು, ಬಾಕಿ ವಸೂಲಿಗೆ ಅಲೆದದ್ದು ಎಲ್ಲ ಸೇರಬೇಕು. ಆ ತಳಕ್ಕಿಂತ ಕೆಳಗೆ ಯಾರಿಗೂ ಕೊಡಬೇಡಿ, ಸೋದರತ್ತೆಯ ಮಗನ ಅಂಗಡಿಯಾದರೂ ಸರಿ. ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ.

ಒಂದು ಹಾಳೆಯ ರೇಟ್ ಕಾರ್ಡ್ ಮಾಡಿ. ಜಾಗ, ಅಳತೆ, ತಿಂಗಳ ದರ, ಮೂರು ತಿಂಗಳಿಗೆ ಎಷ್ಟು ರಿಯಾಯಿತಿ, ಹಬ್ಬದ ತಿಂಗಳಲ್ಲಿ ಎಷ್ಟು ಹೆಚ್ಚು, ಎಲ್ಲವೂ ಅದರಲ್ಲಿರಲಿ. ಮುಖ ನೋಡಿ ಮಣೆ ಹಾಕುವುದು ಬೇಡ. ಪೇಟೆ ಚಿಕ್ಕದು, ಅಂಗಡಿಯವರು ಅಂಗಡಿಯವರು ಮಾತಾಡಿಕೊಳ್ಳುತ್ತಾರೆ. ಒಬ್ಬರಿಗೆ 2,000, ಪಕ್ಕದವರಿಗೆ 5,000 ಎಂದದ್ದು ಸಂಜೆಯೊಳಗೆ ಬಯಲಾಗುತ್ತದೆ. ಒಂದು ಜಾಗವನ್ನು ಇಬ್ಬರು ಮೂವರಿಗೆ ಸರದಿಯಲ್ಲಿ ತೋರಿಸುವುದಾದರೆ ಅದನ್ನು ಮೊದಲೇ ಹೇಳಿ. ಇಬ್ಬರು ಚಿನ್ನದಂಗಡಿಯವರನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಕೂರಿಸಿ ಇಬ್ಬರಿಂದಲೂ ಬೈಸಿಕೊಳ್ಳಬೇಡಿ.

ಯಾರ ಬಳಿ, ಯಾವಾಗ

ಎಲ್ಲರಿಗೂ ಮೊದಲ ಆಸೆ ದೊಡ್ಡ ಕಂಪನಿಯ ಮೇಲೆ. ದೂರದ ಬೆಟ್ಟ ನುಣ್ಣಗೆ. ಅವರ ಜಾಹೀರಾತು ಏಜೆನ್ಸಿಯ ಮೂಲಕ ಬರುತ್ತದೆ, ಏಜೆನ್ಸಿಗೆ ಕಮಿಷನ್ ಹೋಗುತ್ತದೆ, ಹಣ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲು ನಡೆದುಹೋಗುವಷ್ಟು ದೂರದಲ್ಲಿರುವವರನ್ನು ಕೇಳಿ: ಟ್ಯುಟೋರಿಯಲ್‌ಗಳು, ನರ್ಸರಿ, ಟ್ರ್ಯಾಕ್ಟರ್ ಮತ್ತು ಬೈಕ್ ಶೋರೂಂ, ಕಲ್ಯಾಣ ಮಂಟಪ, ಕ್ಯಾಟರಿಂಗ್‌ನವರು, ಕಣ್ಣಿನ ಆಸ್ಪತ್ರೆ, ಸಹಕಾರಿ ಸಂಘ, ಹೋಮ್‌ಸ್ಟೇ. ಈಗಾಗಲೇ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿರುವವರ ಪಟ್ಟಿ ಮಾಡಿ. ಜಾಹೀರಾತಿಗೆ ದುಡ್ಡು ತೆಗೆದಿಡುವ ಅಭ್ಯಾಸ ಇರುವವರು ಅವರೇ.

ಕಾಲ ನೋಡಿ ಹೋಗಿ. ಗಾಳಿ ಬಂದಾಗ ತೂರಿಕೋ ಎಂದಿದ್ದಾರೆ. ಅಕ್ಷಯ ತೃತೀಯಕ್ಕೆ ಚಿನ್ನದವರು, ಎಸ್‌ಎಸ್‌ಎಲ್‌ಸಿ, ಪಿಯು ಫಲಿತಾಂಶದ ಹೊತ್ತಿಗೆ ಕಾಲೇಜಿನವರು, ಮುಂಗಾರಿಗೆ ಬೀಜ ಗೊಬ್ಬರದವರು, ಆಷಾಢಕ್ಕೆ ಬಟ್ಟೆಯವರು, ಆಯುಧಪೂಜೆ ಮತ್ತು ದೀಪಾವಳಿಗೆ ವಾಹನ, ಟಿವಿ, ಫ್ರಿಜ್‌ನವರು. ಹಬ್ಬ ನಾಳೆ ಎನ್ನುವಾಗ ಹೋಗಬೇಡಿ. ಅಷ್ಟರಲ್ಲಿ ಅವರ ದುಡ್ಡು ಬೇರೆಡೆ ಹೋಗಿರುತ್ತದೆ. ಒಂದೂವರೆ ಎರಡು ತಿಂಗಳು ಮೊದಲೇ ಹೋಗಿ. ಶನಿವಾರ ಸಂಜೆಯ ವ್ಯಾಪಾರದ ಗದ್ದಲದಲ್ಲಿ ಹೋಗಿ ನಿಲ್ಲಲೂಬೇಡಿ. ಬೆಳಿಗ್ಗೆ ಅಂಗಡಿ ತೆರೆದು ಪೂಜೆ ಮುಗಿದ ಮೇಲೆ, ಗಿರಾಕಿ ಕಡಿಮೆ ಇರುವಾಗ ಹತ್ತು ನಿಮಿಷ ಕೇಳಿಕೊಳ್ಳಿ.

ಹೋದಾಗ ಸಿಪಿಎಂ, ಸಿಟಿಆರ್ ಎಂದು ಶುರುಮಾಡಬೇಡಿ. ಅವರಿಗೇನು ಬೇಕು ಎಂದು ಕೇಳಿ. ಹೊಸ ಮಾಲು ಬಂದಿದೆಯೇ, ಪಕ್ಕದ ತಾಲ್ಲೂಕಿನ ಗಿರಾಕಿ ಬೇಕೇ, ಫೋನ್ ಬರಬೇಕೇ? ಕೇಳಿದ ಮೇಲೆ ನಿಮ್ಮ ಮೊಬೈಲಿನಲ್ಲೇ ಸೈಟು ತೆರೆದು ಅವರ ಬ್ಯಾನರ್ ಎಲ್ಲಿ ಬರುತ್ತದೆ ಎಂದು ತೋರಿಸಿ. ‘ಇಷ್ಟು ಗಿರಾಕಿ ಖಂಡಿತ ಬರ್ತಾರೆ’ ಎಂದು ಮಾತ್ರ ಬಾಯಿಬಿಡಬೇಡಿ. ತೋರಿಸುವುದು ನಿಮ್ಮ ಕೆಲಸ, ಮಾರುವುದು ಅವರ ಕೆಲಸ.

ಬ್ಯಾನರ್ ಎಂದರೆ ಫ್ಲೆಕ್ಸ್ ಅಲ್ಲ

ಬಹುತೇಕ ಅಂಗಡಿಯವರು ಉದ್ಘಾಟನೆಗೆ ಮಾಡಿಸಿದ ಫ್ಲೆಕ್ಸಿನ ಡಿಸೈನನ್ನೇ ಕಳಿಸುತ್ತಾರೆ. ಮೇಲೆ ದೇವರು, ಪಕ್ಕದಲ್ಲಿ ಮಾಲೀಕರು, ಕೆಳಗೆ ನಾಲ್ಕು ಫೋನ್ ನಂಬರ್. 320 ಪಿಕ್ಸೆಲ್ ಅಗಲದಲ್ಲಿ ಅದರ ಒಂದಕ್ಷರವೂ ಕಾಣುವುದಿಲ್ಲ. ಮುಲಾಜಿಲ್ಲದೆ ಹೇಳಿ, ಬೇರೆ ಮಾಡಿಸಿ ಅಥವಾ ನೀವೇ ಮಾಡಿಕೊಟ್ಟು ಅದಕ್ಕೆ ದರ ಹಾಕಿ. ಅಂಗಡಿಯ ಹೆಸರು, ಒಂದು ಮಾತು, ಒತ್ತಿದರೆ ಫೋನಿಗೋ ವಾಟ್ಸ್‌ಆ್ಯಪ್‌ಗೋ ಹೋಗುವ ಲಿಂಕ್ ಇದ್ದರೆ ಸಾಕು. ಕಡತ ಹಗುರವಿರಲಿ; ಗೂಗಲ್ ಆ್ಯಡ್ಸ್ ತನ್ನ ಚಿತ್ರದ ಜಾಹೀರಾತುಗಳಿಗೆ ಇಟ್ಟಿರುವ ಮಿತಿ 150 ಕೆಬಿ, ಅದನ್ನೇ ನೀವೂ ಪಾಲಿಸಿ. ಹಳ್ಳಿಯ ನೆಟ್‌ವರ್ಕಿನಲ್ಲಿ ಭಾರದ ಬ್ಯಾನರ್ ತೆರೆಯುವಷ್ಟರಲ್ಲಿ ಓದುಗರು ಮುಂದೆ ಹೋಗಿರುತ್ತಾರೆ.

ಒಂದೆರಡು ಬ್ಯಾನರನ್ನು ಕೈಯಿಂದಲೇ ಹಾಕಿ ತೆಗೆಯಬಹುದು. ನಾಲ್ಕೈದಾದ ಮೇಲೆ ಗೂಗಲ್ ಆ್ಯಡ್ ಮ್ಯಾನೇಜರ್ ಕಲಿಯಿರಿ. ಚಿಕ್ಕ ಸೈಟುಗಳಿಗೆ ಅದು ಉಚಿತ. ಯಾವ ಬ್ಯಾನರ್ ಯಾವ ದಿನದಿಂದ ಯಾವ ದಿನದವರೆಗೆ ಎಂದು ಒಮ್ಮೆ ಹೇಳಿಟ್ಟರೆ ಅದೇ ಹಾಕಿ ಅದೇ ತೆಗೆಯುತ್ತದೆ, ಎಷ್ಟು ಸಲ ತೋರಿಸಿತೆಂದು ಲೆಕ್ಕವನ್ನೂ ಕೊಡುತ್ತದೆ, ಮಾರಾಟವಾಗದ ಹೊತ್ತಿನಲ್ಲಿ ಆ್ಯಡ್‌ಸೆನ್ಸ್‌ಗೆ ಜಾಗ ಬಿಡುತ್ತದೆ.

ಲೆಕ್ಕ, ಕಾಗದ, ವಸೂಲಿ

ಬರೆಯುವವರಿಗೆಲ್ಲ ಕಾಗದಪತ್ರವೆಂದರೆ ಬೇಸರ, ನನಗೆ ಗೊತ್ತು. ಆದರೂ ಕೇಳಿ. ಜಾಹೀರಾತುದಾರರಿಂದ ರಿಲೀಸ್ ಆರ್ಡರ್ ಬರೆಸಿಕೊಳ್ಳಿ. ಯಾವ ಜಾಗ, ಯಾವ ತಾರೀಖಿನಿಂದ ಯಾವ ತಾರೀಖು, ಎಷ್ಟು ಹಣ, ಯಾವಾಗ ಕೊಡುವುದು, ಕೆಳಗೊಂದು ಸಹಿ. ದೊಡ್ಡ ಕರಾರು ಬೇಡ, ಒಂದು ಪುಟ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ’ ಎಂದದ್ದನ್ನೇ ನಂಬಿ ಮೂರು ತಿಂಗಳು ಬ್ಯಾನರ್ ಓಡಿಸಬೇಡಿ. ಹೊಸಬರಿಂದ ಪೂರ್ತಿ ಹಣ ಮುಂಗಡ, ಹಳಬರಿಂದ ಅರ್ಧ ಮುಂಗಡ. ಸಂಕೋಚಪಟ್ಟರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬಂತಾಗುತ್ತದೆ.

ಸೇವೆ ನೀಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ವಸೂಲು ಮಾಡುವುದು ತಪ್ಪು. ಮುದ್ರಿತ ಪತ್ರಿಕೆಯ ಜಾಹೀರಾತು ಜಾಗಕ್ಕೆ ತೆರಿಗೆ 5%, ಇಂಟರ್‌ನೆಟ್ ಜಾಗಕ್ಕೆ 18%. ‘ಪೇಪರಿನವರು ಕಡಿಮೆ ಹಾಕ್ತಾರಲ್ಲ’ ಎಂದು ಯಾರಾದರೂ ಕೇಳಿದರೆ ಉತ್ತರ ಬಾಯಲ್ಲಿರಲಿ. ಕಂಪನಿಗಳು ಹಣ ಕೊಡುವಾಗ ಟಿಡಿಎಸ್ ಹಿಡಿದರೆ ಗಾಬರಿ ಬೇಡ. ಪಾನ್ ಸರಿಯಾಗಿ ಕೊಟ್ಟು, ಹಿಡಿದದ್ದು ನಿಮ್ಮ ಖಾತೆಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲಿನಲ್ಲಿ ನೋಡಿ. ಇನ್ನುಳಿದದ್ದಕ್ಕೆ ಒಬ್ಬ ಒಳ್ಳೆಯ ಆಡಿಟರನ್ನು ಹಿಡಿಯಿರಿ.

ಉದ್ಯಮ್ ನೋಂದಣಿ ಮಾಡಿಸಿಲ್ಲವೇ? ಅದು ಪೂರ್ತಿ ಉಚಿತ, ಮಾಡಿಸಿ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಆಸರೆ ಇದೆ. ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಅವರ ಹಣ ಕೊಡಬೇಕು; ತಡವಾದರೆ ಬಡ್ಡಿ. ಬಿಲ್ಲಿನಲ್ಲಿ ಉದ್ಯಮ್ ನೋಂದಣಿ ಸಂಖ್ಯೆ ಕಂಡರೆ ದೊಡ್ಡ ಕಂಪನಿಯ ಲೆಕ್ಕದವರೂ ಸ್ವಲ್ಪ ಬೇಗ ಕೈಯಾಡಿಸುತ್ತಾರೆ.

ತಿಂಗಳು ಮುಗಿದ ಕೂಡಲೇ, ಅವರು ಕೇಳುವ ಮೊದಲೇ ವರದಿ ಕಳಿಸಿ. ಬ್ಯಾನರ್ ಕಾಣುವ ಎರಡು ಸ್ಕ್ರೀನ್‌ಶಾಟ್, ಎಷ್ಟು ಸಲ ತೋರಿಸಿತು, ಎಷ್ಟು ಮಂದಿ ಒತ್ತಿದರು. ಸರ್ವರ್ ಎರಡು ದಿನ ಕೆಟ್ಟಿದ್ದರೆ ನೀವೇ ಹೇಳಿ ಎರಡು ದಿನ ಹೆಚ್ಚು ಓಡಿಸಿ. ಕ್ಲಿಕ್ಕು ಕಡಿಮೆ ಎಂದು ತಮ್ಮ, ತಂಗಿ, ಭಾವಮೈದನಿಂದ ಒತ್ತಿಸಬೇಡಿ. ಮುಂದಿನ ತಿಂಗಳು ಅಂಗಡಿಯವರು ‘ನೂರು ಜನ ಒತ್ತಿದರೂ ಒಂದು ಫೋನೂ ಬರಲಿಲ್ಲ’ ಎಂದಾಗ ಏನು ಹೇಳುತ್ತೀರಿ?

ಇಂಥದ್ದಕ್ಕೆ ಬೇಡ ಎನ್ನಿ

ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೇಳಿದಷ್ಟು ದುಡ್ಡು ಕೊಡುತ್ತೇನೆಂದು ತಾವಾಗಿ ಬರುವವರಲ್ಲಿ ಹೆಚ್ಚಿನವರು ಬೇರೆಲ್ಲೂ ಜಾಗ ಸಿಗದವರು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುವ ಔಷಧಿ, ಗಂಡಸ್ತನದ ಲೇಹ್ಯ, ರೋಗ ಕಳೆಯುವ ತಾಯಿತ, ಇವುಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸಿದೆ. ಕೊಟ್ಟವರಷ್ಟೇ ಅಲ್ಲ, ಪ್ರಕಟಣೆಯಲ್ಲಿ ಪಾಲ್ಗೊಂಡವರೂ ಸಿಕ್ಕಿಬೀಳುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತಿಗೆ 2025ರಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧ ಹಾಕಿದೆ. ಲೇಔಟಿನವರು ಬಂದರೆ ಮೊದಲು ರೇರಾ ಸಂಖ್ಯೆ ಕೇಳಿ. ನೋಂದಣಿ ಬೇಕಾದ ಯೋಜನೆಯನ್ನು ನೋಂದಣಿಗೆ ಮೊದಲು ಜಾಹೀರಾತು ಮಾಡುವಂತಿಲ್ಲ, ಆ ಸಂಖ್ಯೆ ಜಾಹೀರಾತಿನಲ್ಲೂ ಇರಬೇಕು. ಚುನಾವಣೆಯ ಹೊತ್ತಿನಲ್ಲಿ ಅಭ್ಯರ್ಥಿಗಳ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯ (ಎಂಸಿಎಂಸಿ) ಪೂರ್ವಾನುಮತಿ ಪತ್ರ ನೋಡಿಯೇ ಹಾಕಿ. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಪ್ರಕಟಿಸಿದವರನ್ನೂ ಅದು ಮುಟ್ಟಬಹುದು.

ಇನ್ನೊಂದು ಬಲೆ ಇಮೇಲಿನಲ್ಲಿ ಬರುತ್ತದೆ. ‘ಒಂದು ಲೇಖನ ಕೊಡುತ್ತೇವೆ, ಹಾಕಿದರೆ ಡಾಲರ್ ಕೊಡುತ್ತೇವೆ, ಜಾಹೀರಾತು ಎಂದು ಬರೆಯಬೇಡಿ’ ಎಂದು. ಒಳಗೆ ಜೂಜಿನ ಸೈಟಿನದೋ ಸಾಲದ ಆ್ಯಪಿನದೋ ಲಿಂಕು ಅಡಗಿರುತ್ತದೆ. ಹಣ ಪಡೆದು ಕೊಟ್ಟ ಲಿಂಕಿಗೆ ‘ಸ್ಪಾನ್ಸರ್ಡ್’ ಗುರುತು ಹಾಕಬೇಕೆಂದು ಗೂಗಲ್ 2019ರಿಂದ ಹೇಳುತ್ತಿದೆ. ಹಾಕದೆ ಸಿಕ್ಕಿಬಿದ್ದರೆ ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಸೈಟು ಹಿಂದೆ ಬೀಳಬಹುದು. ಒಂದು ಲೇಖನದ ಡಾಲರಿಗೆ ವರ್ಷಗಟ್ಟಲೆ ಕೂಡಿಸಿದ ಓದುಗರನ್ನು ಕಳೆದುಕೊಳ್ಳುತ್ತೀರಾ?

ದುಡ್ಡು ಪಡೆದು ಹಾಕಿದ ಪ್ರತಿಯೊಂದರ ಮೇಲೂ ‘ಜಾಹೀರಾತು’ ಅಥವಾ ‘ಪ್ರಾಯೋಜಿತ ಲೇಖನ’ ಎಂದು ಕಾಣುವಂತೆ ಬರೆಯಿರಿ. ಬೂದು ಬಣ್ಣದ ಇರುವೆಯಕ್ಷರದಲ್ಲಿ ಅಲ್ಲ. ಮುಂದೊಂದು ದಿನ ಜಾಹೀರಾತು ಕೊಡುವವರ ಮೇಲೆಯೇ ಸುದ್ದಿ ಬರುತ್ತದೆ. ಆಸ್ಪತ್ರೆಯಲ್ಲಿ ಗಲಾಟೆ, ಶಾಲೆಯಲ್ಲಿ ಹೆಚ್ಚು ಶುಲ್ಕ, ಸಂಘದಲ್ಲಿ ಠೇವಣಿ ವಾಪಸಾಗದ ದೂರು, ಇಂಥದ್ದೇನಾದರೂ. ‘ಸುದ್ದಿ ತೆಗೀರಿ, ಇಲ್ಲಾಂದ್ರೆ ಬ್ಯಾನರ್ ನಿಲ್ಲಿಸ್ತೀವಿ’ ಎಂದು ಫೋನ್ ಬರುತ್ತದೆ. ಸುದ್ದಿ ತಪ್ಪಿದ್ದರೆ ತಿದ್ದಿ, ಅವರ ಮಾತನ್ನೂ ಹಾಕಿ. ಸರಿಯಿದ್ದರೆ ಉಳಿಸಿ, ಬಾಕಿ ದಿನಗಳ ಹಣ ವಾಪಸ್ ಕೊಡಿ. ಈ ಮಾತನ್ನು ರಿಲೀಸ್ ಆರ್ಡರಿನಲ್ಲೇ ಒಂದು ಸಾಲಾಗಿ ಅಚ್ಚು ಹಾಕಿಸಿಟ್ಟರೆ ಆ ದಿನ ಜಗಳ ಅರ್ಧ ಕಡಿಮೆ. ಜಾಹೀರಾತುದಾರರು ನಿಮ್ಮ ಬಳಿ ಬರುವುದೇ ಓದುಗರು ನಿಮ್ಮನ್ನು ನಂಬುತ್ತಾರೆಂದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಗದರಿದೆನೆಂದು ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾಡುತ್ತಿರುವುದು ಒಳ್ಳೆಯ ಕೆಲಸ, ಅದು ನಿಲ್ಲಬಾರದು ಎಂದೇ ಇಷ್ಟು ಹೇಳಿದ್ದು. ಈ ವಾರ ಮೂರು ತಿಂಗಳ ಲೆಕ್ಕ ತೆಗೆದು ರೇಟ್ ಕಾರ್ಡ್ ಮಾಡಿ. ಬರುವ ವಾರ ಹತ್ತು ಅಂಗಡಿಗೆ ನೀವೇ ಹೋಗಿ; ಫೋನಿನಲ್ಲಿ ಮುಗಿಸಬೇಡಿ. ಎಂಟು ಮಂದಿ ಬೇಡ ಎನ್ನಬಹುದು. ನಗುತ್ತಾ ಕಾರ್ಡ್ ಕೊಟ್ಟು ಬನ್ನಿ, ಹಬ್ಬಕ್ಕೆ ಮೊದಲು ಮತ್ತೆ ಹೋಗಿ. ಹೂಂ ಎಂದ ಇಬ್ಬರನ್ನು ಚೆನ್ನಾಗಿ ನೋಡಿಕೊಳ್ಳಿ. ಅವರೇ ಉಳಿದವರಿಗೆ ಹೇಳುತ್ತಾರೆ.